ಚೆಲುವಿಯ ದನಿ

ನಮ್ಮ ಮನೆಯಲ್ಲಿ ಮೂರು ಜನ ಕಾಲು ಚಾಚಿ ಮಲಗುವುದಕ್ಕೇ ಜಾಗ ಸಾಲುತ್ತಿರಲಿಲ್ಲ. ಅಂಥದ್ದರಲ್ಲಿ ಒಂದು ದಿನ ಅಪ್ಪ ಸೈಕಲ್ಲಿನ ಹಿಂದೆ ಹಗ್ಗ ಬಿಗಿದು ಒಂದು ತಗಡಿನ ಟ್ರಂಕು ತಂದ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಗಳಿಗೆ ಬೆನ್ನು ಹಾಕಿಕೊಂಡಂತೆ, ಊರು ಮುಗಿದ ಮೇಲೆ ನಮ್ಮ ಕೇರಿ ಇತ್ತು. ಎಲ್ಲವೂ ಒಂದೇ ಅಂಕಣದ ಮನೆಗಳು. ನಮ್ಮದರಲ್ಲಿ ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ರಾಗಿ ಮಡಕೆ, ಬಾಗಿಲ ಹತ್ತಿರ ಅವ್ವ ಹಗ್ಗ ಹೊಸೆಯಲು ಗುಡ್ಡೆ ಹಾಕಿಕೊಂಡ ತೆಂಗಿನ ನಾರು, ಉಳಿದಿದ್ದರಲ್ಲಿ ನಾವು. ಟ್ರಂಕನ್ನು ಎಲ್ಲಿ ಇಡಬೇಕು ಎನ್ನುವುದರ ಮೇಲೇ ಮೊದಲ ಜಗಳ ಶುರುವಾಯಿತು. ರಾಗಿ ಮಡಕೆಯ ಮೂಲೆಯನ್ನು ಬಿಡಲು ಅವ್ವ ಒಪ್ಪಲಿಲ್ಲ. ಒಲೆಯ ಪಕ್ಕ ಇಟ್ಟರೆ ಸರ್ಕಾರದ ಮಾಲಿಗೆ ಹೊಗೆ ಹಿಡಿಯುತ್ತದೆ ಎಂದು ಅಪ್ಪ ಒಪ್ಪಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ನಾನು ಮಲಗುತ್ತಿದ್ದ ಜಾಗದಲ್ಲಿ ಟ್ರಂಕು ಕೂತಿತು, ನಾನು ಗೋಡೆಯ ಕಡೆಗೆ ಸರಿದೆ. ನನ್ನ ಬಾಲ್ಯದ ಕಥೆಯೆಲ್ಲ ಹೆಚ್ಚುಕಡಿಮೆ ಅಷ್ಟೇ, ಆದರೂ ಹೇಳುತ್ತೇನೆ.

ಅಪ್ಪ ಹಳ್ಳಿಯವರಿಗೆ ಓದುಬರಹ ಕಲಿಸುವ ಒಂದು ಸಣ್ಣ ಕಛೇರಿಯಲ್ಲಿ ಜವಾನನಾಗಿದ್ದ. ಕಛೇರಿ ಅಂದರೆ ಒಂದು ಕೋಣೆ, ಎರಡು ಕುರ್ಚಿ, ಬೇಕಾದಷ್ಟು ಇಲಿ. ಆ ಇಲಿಗಳು ಪಾಠಕ್ಕೆಂದು ಇಟ್ಟಿದ್ದ ಗೊಂಬೆಯ ಲಂಗಕ್ಕೆ ಬಾಯಿ ಹಾಕಿದ ಮೇಲೆಯೇ ಟ್ರಂಕು ನಮ್ಮ ಮನೆಗೆ ಬಂದದ್ದು. ಆ ಎರಡು ಕುರ್ಚಿಗಳಲ್ಲಿ ಒಂದು ಅರಕಲಗೂಡು ಕಡೆಯ ಒಬ್ಬ ತರುಣನದು. ಅಂಗಿಯ ತೋಳಿನ ಮೇಲೆ ಯಾವಾಗಲೂ ಬಣ್ಣದ ಕಲೆ. ಗೋಡೆಗೆ ಚಿತ್ರದ ಹಾಳೆ ನೇತುಹಾಕಿ ಅಕ್ಷರ ಕಲಿಸುತ್ತಿದ್ದುದರಿಂದ ಜನ ಆತನನ್ನು ಚಿತ್ರದ ಮೇಷ್ಟ್ರು ಅನ್ನುತ್ತಿದ್ದರು. ಟ್ರಂಕಿನೊಳಗೆ ಆ ಚಿತ್ರಗಳ ಸುರುಳಿ, ಒಂದು ಹಸಿರು ಪರದೆ, ಕೈಗೆ ತೊಟ್ಟುಕೊಂಡು ಆಡಿಸುವ ಎರಡು ಗೊಂಬೆ. ಹೆಣ್ಣು ಗೊಂಬೆ ಚೆಲುವಿ, ಕರಿ ಉಣ್ಣೆಯ ಎರಡು ಜಡೆ, ನೀಲಿ ಲಂಗ. ಗಂಡು ಗೊಂಬೆ ಬೋರ, ತಲೆಗೊಂದು ಕೆಂಪು ವಸ್ತ್ರ. ಆಟ ಇಷ್ಟೇ. ಚೆಲುವಿ ಮೇಲಿನ ಬೀದಿಯವಳು, ಬೋರ ಕೆಳಗಿನ ಬೀದಿಯವನು, ಇಬ್ಬರಿಗೂ ಸೇರಿ ಒಂದೇ ಸ್ಲೇಟು. ಮೊದಲು ಕಿತ್ತಾಡುತ್ತಾರೆ, ಆಮೇಲೆ ಕಲಿಯುತ್ತಾರೆ. ಮೇಷ್ಟ್ರ ಕ್ರಮ ಏನೆಂದರೆ ಯಾವ ಮಗುವೂ ಮೊದಲು ತನ್ನ ಹೆಸರು ಬರೆಯುವ ಹಾಗಿಲ್ಲ, ಪಕ್ಕದಲ್ಲಿ ಕೂತವರ ಹೆಸರು ಬರೆಯಲು ಕಲಿಯಬೇಕು. ಚೆಲುವಿ ಬೋರನ ಹೆಸರು ಬರೆದ ಮೇಲೆಯೇ ಬೋರ ಚೆಲುವಿಯ ಹೆಸರು ಬರೆಯುತ್ತಿದ್ದ. ನೋಡಲು ಕೂತ ಮಕ್ಕಳೂ ಸ್ಲೇಟು ಹಿಡಿದು ಹಾಗೇ ಬರೆಯಬೇಕಾಗಿತ್ತು. ಇದು ಅಕ್ಷರಕ್ಕಿಂತ ದೊಡ್ಡ ಪಾಠ ಎಂದು ಆತ ನಂಬಿದ್ದ. ಒಳ್ಳೆಯ ಮನುಷ್ಯ, ಸ್ವಲ್ಪ ಹುಂಬ.

ಚೆಲುವಿಗೆ ಮೊದಲು ದನಿ ಕೊಡುತ್ತಿದ್ದವಳು ಸ್ಕೂಲಿನ ಒಬ್ಬ ಮೇಷ್ಟ್ರ ಮಗಳು. ಅವಳಿಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತು. ಮರುದಿನದ ಆಟಕ್ಕೆ ಯಾರನ್ನು ಕರೆಯುವುದು ಎಂದು ಚಿತ್ರದ ಮೇಷ್ಟ್ರು ನಮ್ಮ ಬಾಗಿಲಲ್ಲಿ ನಿಂತು ಅಪ್ಪನ ಜೊತೆ ತಲೆ ಕೆಡಿಸಿಕೊಳ್ಳುತ್ತಿದ್ದಾಗ, ಒಳಗೆ ನಾನು ಗೊಂಬೆ ತೊಟ್ಟುಕೊಂಡು ಅವ್ವನಿಗೆ ಇಡೀ ಆಟ ಆಡಿ ತೋರಿಸುತ್ತಿದ್ದೆ. ದಿನಾ ರಾತ್ರಿ ಟ್ರಂಕಿನ ಪಕ್ಕ ಮಲಗುವವಳಿಗೆ ಅದೇನು ದೊಡ್ಡ ವಿದ್ಯೆಯಲ್ಲ. ನಾನು ಒಬ್ಬಳೇ ಮಗಳು, ಮಾತಾಡಲು ಮನೆಯಲ್ಲಿ ಓರಗೆಯವರು ಯಾರೂ ಇರಲಿಲ್ಲ, ಮಾತು ಮಾತ್ರ ಹೊಟ್ಟೆ ತುಂಬ ಇತ್ತು. ಮೇಷ್ಟ್ರು ಬಾಗಿಲಿನಿಂದ ತಲೆ ಒಳಗೆ ಹಾಕಿ ಕೇಳಿಸಿಕೊಂಡ. ಮುಂದಿನ ಎರಡು ವರ್ಷ ನಾನೇ ಚೆಲುವಿ.

ನನ್ನ ದನಿಗೆ ಏನೋ ಒಂದು ಗುಣ ಇತ್ತು. ಸ್ವಲ್ಪ ಒಡಕು, ಮಾತಿನ ಕೊನೆಗೆ ಎಳೆಯುವ ಅಭ್ಯಾಸ. ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ. ಅದೇ ಫಜೀತಿಯಾಯಿತು. ಹೆಸರು ಬೇಡ, ಒಂದು ಹಳ್ಳಿಯಲ್ಲಿ ದೊಡ್ಡವರ ಮನೆಯ ಜಗಲಿಯ ಮೇಲೆ ಆಟ. ಟ್ರಂಕು ಹೊತ್ತ ಅಪ್ಪನನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಟ್ರಂಕನ್ನು ಮಾತ್ರ ಒಳಗೆ ತರಿಸಿಕೊಂಡಿದ್ದರು. ನಾನು ಮೇಷ್ಟ್ರ ಕೈ ಹಿಡಿದು ಹೋದೆ, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆಟ ಮುಗಿದಾಗ ಆ ಮನೆಯ ಮೊಮ್ಮಗು ಓಡಿಬಂದು ಚೆಲುವಿಯನ್ನು ತಬ್ಬಿ ಮುದ್ದು ಕೊಟ್ಟಿತು. ಬಟ್ಟೆಯ ಒಳಗೆ ಇದ್ದದ್ದು ನನ್ನ ಕೈ. ಅದರ ತುಟಿಯ ಬಿಸಿ ನನ್ನ ಬೆರಳಿಗೆ ತಾಗಿತು. ಮನೆಯ ಯಜಮಾನರು ದನಿ ಬಲು ಚೆನ್ನಾಗಿದೆ, ಯಾರ ಮಗು ಎಂದು ವಿಚಾರಿಸಿದರು. ನಮ್ಮ ಕಡೆಯ ಹುಡುಗಿ ಎಂದ ಮೇಷ್ಟ್ರು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಗೇಟಿನ ಹತ್ತಿರ ನಿಂತು ಇದನ್ನೆಲ್ಲ ನೋಡಿದ ಅಪ್ಪ ದಾರಿಯುದ್ದಕ್ಕೂ ಸೈಕಲ್ ತಳ್ಳಿಕೊಂಡೇ ಬಂದ, ಹತ್ತಲಿಲ್ಲ. ಮನೆಗೆ ಬಂದವನು ಬಾಗಿಲು ಮುಂದೆ ಮಾಡಿ ನನ್ನನ್ನು ಎದುರಿಗೆ ಕೂರಿಸಿಕೊಂಡ.

"ಇನ್ಮ್ಯಾಕೆ ಪರದೆಯಿಂದ ಈಚೆಗೆ ನೀನು ಗಟ್ಟಿಯಾಗಿ ಮಾತಾಡ್ಬ್ಯಾಡ ಮಗಾ. ದನಿ ಗುರ್ತು ಸಿಕ್ಕಿದ್ರೆ ಬೊಂಬೆ ಒಳಗಿರೋ ಕೈ ಯಾರ್ದು ಅಂತ ಕೇಳ್ತಾರೆ. ಕೇಳಿದ್ ದಿನ ನನ್ ಕೆಲ್ಸ ಓಯ್ತು, ಆ ಮೇಷ್ಟ್ರುದೂ ಓಯ್ತು."

ಹೀಗೆ ನನ್ನ ಮೌನ ಶುರುವಾಯಿತು. ನಮ್ಮ ಕೇರಿಯವರಿಗೆ ವಿಷಯ ಗೊತ್ತಿತ್ತು. ಆಟ ನೋಡಲು ದೂರದಲ್ಲಿ ನಿಂತವರು ಮೊದಲ ಮಾತಿಗೇ ಇದು ನಮ್ಮ ಸಾಕಮ್ಮ ಎಂದು ಕಂಡುಹಿಡಿದಿದ್ದರು. ಆದರೆ ಮುದುಕರಿಂದ ಹಿಡಿದು ಚಿಲ್ಟುಪಿಲ್ಟುಗಳವರೆಗೆ ಒಬ್ಬರೂ ಬಾಯಿ ಬಿಡಲಿಲ್ಲ. ಒಂದು ಕೇರಿಗೆ ಕೇರಿಯೇ ಎರಡು ವರ್ಷ ಒಂದು ಗುಟ್ಟನ್ನು ಕಾಪಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ಜೊತೆಗೆ, ನನ್ನ ಗಂಟಲು ಹಾಳಾಗಬಾರದು, ದನಿ ಊರಿಗೆ ಕೇಳಬಾರದು ಎಂದು ಮಕ್ಕಳು ನನ್ನನ್ನು ಆಟಕ್ಕೆ ಕರೆಯುವುದನ್ನೂ ನಿಲ್ಲಿಸಿದರು. ಕೂಗದೆ ಆಡುವ ಆಟ ಯಾವುದಿದೆ? ಸಂಜೆ ಅವರು ಬೇಲಿಯ ಆಚೆ ಕೂಗಾಡುತ್ತಿದ್ದರೆ ನಾನು ಹೊಸ್ತಿಲ ಮೇಲೆ ಕೂತು ಅವ್ವನಿಗೆ ನಾರು ಬಿಡಿಸಿ ಕೊಡುತ್ತಿದ್ದೆ. ಗೊಂಬೆಗಳಿಗೆ ಮಾತ್ರ ನಮ್ಮ ಮನೆಯಲ್ಲಿ ಹಬ್ಬ. ಪ್ರತಿ ಶನಿವಾರ ಅಪ್ಪ ಸೀಗೆಕಾಯಿಯ ನೀರಿನಲ್ಲಿ ಚೆಲುವಿಯ ಲಂಗ ಅದ್ದಿ ಹಿಂಡಿ ಮನೆಯೊಳಗೇ ದಾರ ಕಟ್ಟಿ ಒಣಗಿಸುತ್ತಿದ್ದ. ಅವ್ವ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಅವಳ ಉಣ್ಣೆ ಜಡೆಯನ್ನು ನೀವುತ್ತಿದ್ದಳು, ಆಮೇಲೆ ಉಳಿದ ಜಿಡ್ಡನ್ನು ನನ್ನ ತಲೆಗೆ ಒರೆಸುತ್ತಿದ್ದಳು. ಇದಕ್ಕೆ ನನಗೆ ಹೊಟ್ಟೆಕಿಚ್ಚು ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸ್ಕೂಲಿನಲ್ಲಿ ಇನ್ನೂ ಕಷ್ಟ. ಪೇಟೆಯ ಸ್ಕೂಲಿನ ನಾಲ್ಕನೇ ತರಗತಿಗೆ ಆಗಷ್ಟೇ ಸೇರಿದ್ದೆ, ನಮ್ಮ ಕೇರಿಯಿಂದ ಅಲ್ಲಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಕ್ಲಾಸಿನಲ್ಲಿದ್ದ ಅಷ್ಟೂ ಮಕ್ಕಳು ಚೆಲುವಿಯ ಆಟ ನೋಡಿದವರು, ಅವಳ ಹಾಗೆ ಎಳೆದು ಮಾತಾಡಿ ನಗುವವರು. ಕ್ಲಾಸಿನ ಮೇಷ್ಟ್ರು ಹಾಜರಿ ಕೂಗಿದಾಗ ಉಳಿದವರು ಬಂದಿದೀನಿ ಸಾ ಅನ್ನುತ್ತಿದ್ದರು, ನಾನು ಕೈ ಎತ್ತುತ್ತಿದ್ದೆ. ಮಗ್ಗಿ ಹೇಳು ಎಂದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಹದಿನಾರರ ಮಗ್ಗಿ ನನಗೆ ನಿದ್ದೆಗಣ್ಣಿನಲ್ಲೂ ಬರುತ್ತಿತ್ತು. ಮೊದಲು ಏಟು ಬಿತ್ತು, ಆಮೇಲೆ ಅದೂ ನಿಂತಿತು. ಮೂಗಿ ಎಂಬ ಹೆಸರು ಬಂತು. ಕೊನೆಯ ಸಾಲಿನಲ್ಲಿ, ಕಿಟಕಿಯ ಕೆಳಗೆ, ಚಾಪೆಯ ಅಂಚಿನಿಂದ ಒಂದು ಗೇಣು ಆಚೆಗೆ ನಾನು ಕೂರುತ್ತಿದ್ದೆ. ಹಾಗೆ ಕೂರು ಎಂದು ಯಾರೂ ಹೇಳಿರಲಿಲ್ಲ. ಹಾಗೆ ಕೂರಬೇಡ ಎಂದೂ ಯಾರೂ ಹೇಳಲಿಲ್ಲ.

ನನ್ನ ಮುಂದಿನ ಸಾಲಿನಲ್ಲಿ ಸುಶೀಲ ಕೂರುತ್ತಿದ್ದಳು. ಅವಳ ಅಪ್ಪನದು ಕೊಬ್ಬರಿ ಮಂಡಿ, ಜೊತೆಗೆ ಜಮೀನು. ದಪ್ಪ ಹುಡುಗಿ, ಯಾರ ಜೊತೆಗೂ ಜಗಳಕ್ಕೆ ಹೋಗದವಳು. ಒಂದು ದಿನ ಅವಳು ಹಿಂದೆ ತಿರುಗಿ ನೋಡದೆ ಕೈ ಮಾತ್ರ ಹಿಂದಕ್ಕೆ ಚಾಚಿ ಒಂದು ಕಾಗದದ ಪೊಟ್ಟಣ ನನ್ನ ಕಡೆ ಸರಿಸಿದಳು. ಒಳಗೆ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ. ನಾನು ಮುಟ್ಟಲಿಲ್ಲ. ಮರುದಿನ ಮತ್ತೆ ಬಂತು, ಅವತ್ತು ತಿಂದೆ. ಆಮೇಲೆ ದಿನಾ ಬಂತು. ಬಾಯಲ್ಲಿ ಬೆಲ್ಲ ಕರಗುವಷ್ಟು ಹೊತ್ತು ನನಗೆ ಆ ಕ್ಲಾಸಿನಲ್ಲಿ ಒಬ್ಬರು ಇದ್ದಾರೆ ಅನ್ನಿಸುತ್ತಿತ್ತು. ಒಂದೊಂದು ಸಲ ಅವಳು ತಿರುಗಿ ಏನಾದರೂ ಕೇಳುತ್ತಿದ್ದಳು, ನಿಮ್ಮನೆ ಎಲ್ಲಿ, ನಿಂಗೆ ತಂಗಿ ಇದಾಳಾ ಎಂದು. ನಾನು ತಲೆ ಆಡಿಸುತ್ತಿದ್ದೆ, ಇಲ್ಲವೆ ನೆಲ ನೋಡುತ್ತಿದ್ದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಅವಳ ಜೊತೆ ಮಾತಾಡಬೇಕು ಎಂದು ನನಗೆ ಎಷ್ಟು ಆಸೆ ಇತ್ತೆಂದರೆ, ಸ್ಕೂಲಿನಿಂದ ಬರುವಾಗ ಬಾಯಿ ಬಿಡದೆ ಮನಸ್ಸಿನಲ್ಲೇ ಅವಳ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿಕೊಂಡು ಬರುತ್ತಿದ್ದೆ.

ಆ ಹೊತ್ತಿಗೆ ಚಿತ್ರದ ಮೇಷ್ಟ್ರು ಹೊಸದೊಂದು ಉಪಾಯ ಮಾಡಿದ್ದ. ಬರೆಯಲು ಕಲಿತ ಮಕ್ಕಳು ಚೆಲುವಿಗೆ ಕಾಗದ ಬರೆಯಬೇಕು, ಪರದೆಯ ಮುಂದಿನ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು, ಮುಂದಿನ ಆಟದಲ್ಲಿ ಚೆಲುವಿ ಉತ್ತರ ಹೇಳುತ್ತಾಳೆ. ಡಬ್ಬ ತುಂಬಿ ಬರತೊಡಗಿತು. ನಮ್ಮ ಹಸು ಯಾವಾಗ ಕರು ಹಾಕುತ್ತದೆ, ನನ್ನ ಅಣ್ಣ ನನ್ನ ಬಳಪ ಕದಿಯುತ್ತಾನೆ, ನಿನಗೆ ರಾತ್ರಿ ಟ್ರಂಕಿನಲ್ಲಿ ಹೆದರಿಕೆ ಆಗುವುದಿಲ್ಲವಾ. ಮೇಷ್ಟ್ರು ಕೆಲವನ್ನು ಆರಿಸಿ, ಕೆಂಪು ಶಾಯಿಯಲ್ಲಿ ಉತ್ತರ ಬರೆದು ಅಪ್ಪನ ಕೈಗೆ ಕೊಡುತ್ತಿದ್ದ. ಒಲೆಯ ಮುಂದೆ ಕೂತು ನಾನು ಅವನ್ನು ಪಿಸುದನಿಯಲ್ಲಿ ಅವ್ವನಿಗೆ ಓದಿ ಬಾಯಿಪಾಠ ಮಾಡುತ್ತಿದ್ದೆ. ಓದು ಬಾರದ ಅವ್ವನಿಗೆ ಅದು ದೊಡ್ಡ ಸಂಭ್ರಮ. ಊರಿನ ಮಕ್ಕಳ ಸುದ್ದಿಯೆಲ್ಲ ಅವಳ ಹಗ್ಗದ ಜೊತೆ ಹೊಸೆದುಕೊಳ್ಳುತ್ತಿತ್ತು.

ಒಂದು ಸಂಜೆ ಮುದ್ದೆಗೆ ಎಸರು ಇಟ್ಟಿದ್ದಾಗ ಅಪ್ಪ ತಂದ ಕಾಗದಗಳಲ್ಲಿ ಒಂದನ್ನು ಬಿಡಿಸಿದೆ. ಅಲ್ಲಿ ನನ್ನ ಹೆಸರು ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ನನ್ನ ಹೆಸರನ್ನು ಯಾರೋ ಬರೆದಿದ್ದನ್ನು ನಾನು ಮೊದಲು ನೋಡಿದ್ದು ಅವತ್ತು. ಗುಂಡು ಗುಂಡು ಅಕ್ಷರ. ಸುಶೀಲ ಬರೆದಿದ್ದಳು.

"ಚೆಲುವಿ, ನೀನು ಹೇಳಿದಂತೆ ಹತ್ತಿರ ಕೂತವಳ ಹೆಸರು ಬರೆಯಲು ಕಲಿತೆ. ಸಾಕಮ್ಮ. ಅವಳು ಯಾರ ಹತ್ತಿರವೂ ಮಾತಾಡುವುದಿಲ್ಲ. ನಾನು ಅವಳ ಪಕ್ಕ ಹೋಗಿ ಕೂರಬೇಕು, ಮಾತಾಡುವ ತನಕ ಬಿಡಬಾರದು ಅಂದುಕೊಂಡಿದ್ದೀನಿ. ಮನೆಯಲ್ಲಿ ಅಜ್ಜಿ ಬೈದರೂ ಪರವಾಗಿಲ್ಲ. ನೀನು ಹೂಂ ಅಂದರೆ ಕೂತುಕೊಳ್ಳುತ್ತೀನಿ."

ಕೆಳಗೆ ಮೇಷ್ಟ್ರ ಕೆಂಪು ಶಾಯಿ. ಹೂಂ, ನಾಳೆಯೇ ಕೂತುಕೋ, ಅವಳ ಕೈ ಹಿಡಿದುಕೋ. ಆ ಸಾಕಮ್ಮ ನಾನೇ ಎಂಬುದು ಆತನಿಗೆ ಹೊಳೆಯಲಿಲ್ಲವೋ, ಹೊಳೆದೇ ಹಾಗೆ ಬರೆದನೋ, ಗೊತ್ತಿಲ್ಲ. ಮನೆಯಲ್ಲಿ ನನ್ನನ್ನು ಮಗಾ ಎನ್ನುತ್ತಿದ್ದರು, ಆತ ಚೆಲುವಿ ಎಂದೇ ಕರೆಯುತ್ತಿದ್ದ. ನಾನು ಎರಡು ಸಲ ಓದಿದೆ. ಅವ್ವ ಕೈಯಲ್ಲಿದ್ದ ನಾರು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುದ್ದೆ ತಟ್ಟೆಗೆ ಬಂದಾಗ ಅಪ್ಪ ಹುರುಳಿಕಾಳಿನ ಸಾರಿನಲ್ಲಿ ಬೆರಳು ಆಡಿಸುತ್ತಾ ಕೂತಿದ್ದ. ಕೊನೆಗೆ, ಆ ಹುಡುಗಿ ಬಂದು ಕೂತರೆ ಇವಳು ಎಷ್ಟು ದಿನ ಸುಮ್ಮನಿರುತ್ತಾಳೆ ಎಂದು ಕೇಳಿದ. ಅವ್ವನಿಗೆ ಕಾದಿದ್ದ ಸಿಟ್ಟೆಲ್ಲ ಒಮ್ಮೆಗೇ ಬಂತು.

"ಬೊಂಬೆಗೆ ಬಾಯಿ ಕೊಟ್ಟು ಮಗೀನ್ ಬಾಯ್ಗೆ ಬೀಗ ಆಕಿದೀಯಲ್ಲ. ಊರ್ ಮಕ್ಕಳ್ಗೆಲ್ಲ ಕೂಡಿ ಬಾಳಿ ಅಂತ ಯೋಳ್ಸ್ತೀಯ, ನಿನ್ ಮಗ್ಳು ಗ್ವಾಡೆ ನೋಡ್ಕಂಡು ಕೂತವ್ಳೆ. ಒಂದ್ ಮಗ ತಾನಾಗಿ ಬಂದು ಪಕ್ಕ ಕೂತ್ಕತೀನಿ ಅಂದ್ರೆ ಅದ್ಕೂ ಎದ್ರುಕೆಯಾ?"

ಅಪ್ಪ ತಟ್ಟೆ ಸರಿಸಿ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತ.

"ಮೇಷ್ಟ್ರು ಬರ್ದಂಗೇ ಯೋಳ್ಬುಡು ಮಗಾ. ಆಮ್ಯಾಕೆ ಆಗಿದ್ದಾಗ್ಲಿ."

ಹೇಳಿದ್ದು ಹಾಗೆ. ಆದರೆ ಬೀಡಿ ಹಚ್ಚಲು ಕಡ್ಡಿ ಗೀರಿದ ಅವನ ಕೈ ನಡುಗಿ ಎರಡು ಕಡ್ಡಿ ಆರಿಹೋದದ್ದನ್ನು ನಾನು ನೋಡಿದೆ. ಜವಾನಗಿರಿ ಸಿಗುವ ಮುಂಚೆ ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಖಾಕಿ ಕೋಟು ಬಂದ ಮೇಲೆ ಅದನ್ನು ಗೂಟಕ್ಕೆ ಹಾಕುವಾಗಲೂ ಗುಂಡಿ ಹಾಕಿಯೇ ಹಾಕುತ್ತಿದ್ದ. ಅವನಿಗೆ ಆ ಕೋಟು ಏನೆಂದು ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಹುಡುಗಿಗೆ ಅಷ್ಟು ಗೊತ್ತಿರಬಾರದಾಗಿತ್ತು.

ಭಾನುವಾರ ಮಧ್ಯಾಹ್ನ ಸ್ಕೂಲಿನ ಅಂಗಳದಲ್ಲಿ ಆಟ. ಮಕ್ಕಳು ಬರುವ ಮುಂಚೆಯೇ ನಾನೂ ಅಪ್ಪನೂ ಪರದೆಯ ಹಿಂದೆ ಸೇರಿಕೊಂಡೆವು. ಕಾಗದದ ಹೊತ್ತು ಬಂದಾಗ ಮೇಷ್ಟ್ರು ಪರದೆಯ ಮುಂದೆ ಹೋಗಿ ಓದುತ್ತಿದ್ದ, ಬೋರನನ್ನು ಅಪ್ಪ ಹಿಡಿಯುತ್ತಿದ್ದ. ಬೋರ ಬರೀ ತಲೆ ಆಡಿಸಿದರೆ ಸಾಕಿತ್ತು. ಹಸುವಿನ ಕಾಗದ ಆಯಿತು, ಬಳಪದ ಕಾಗದ ಆಯಿತು. ಆಮೇಲೆ ಹೆಸರುಗಳನ್ನು ಬಿಟ್ಟು ಸುಶೀಲಳ ಕಾಗದ ಓದಿದ. ಪರದೆಯ ಹರಿದ ಜಾಗದಿಂದ ನನಗೆ ಅವಳು ಕಾಣುತ್ತಿದ್ದಳು, ಎರಡನೇ ಸಾಲಿನಲ್ಲಿ, ಬಾಯಿ ಅರ್ಧ ತೆರೆದುಕೊಂಡು. ಚೆಲುವಿ ಹೂಂ ಅನ್ನುವುದು ಖಂಡಿತ ಎಂಬಂತೆ ಅವಳ ಮುಖದಲ್ಲಿ ಆಗಲೇ ನಗು ಇತ್ತು. ನನ್ನ ಪಕ್ಕದಲ್ಲಿ ಬೋರ ಸಣ್ಣಗೆ ಅಲುಗುತ್ತಿದ್ದ. ಅದು ಆಟವಲ್ಲ, ಅಪ್ಪನ ಕೈ. ನನ್ನ ನಾಲಿಗೆಯ ತುದಿಯಲ್ಲಿ ಹೂಂ ಇತ್ತು. ಆ ಒಂದು ಹೂಂಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆ.

"ಬ್ಯಾಡ," ಎಂದಳು ಚೆಲುವಿ. "ಕೆಲವರ್ಗೆ ಒಬ್ರೇ ಇರೋದು ಇಷ್ಟ. ಅವಳ್ನ ಅವಳ ಪಾಡಿಗೆ ಬಿಟ್ಬುಡು. ಅದೂ ಒಂದು ಮರ್ವಾದೆ ಕಣೆ."

ಮೇಷ್ಟ್ರು ಕಾಗದ ಹಿಡಿದುಕೊಂಡು ಪರದೆಯ ಕಡೆ ತಿರುಗಿದ. ಏನೋ ಹೇಳಲು ಬಾಯಿ ತೆರೆದವನು ಮಕ್ಕಳ ಮುಂದೆ ಚೆಲುವಿಯನ್ನು ತಿದ್ದುವುದು ಹೇಗೆ ಎಂದು ತಿಳಿಯದೆ ಮುಂದಿನ ಕಾಗದ ತೆಗೆದುಕೊಂಡ. ಸುಶೀಲಳ ಬಾಯಿ ಮುಚ್ಚಿತು. ಅವಳು ತಲೆ ಆಡಿಸಿದಳು, ಪಾಠ ಅರ್ಥವಾದ ಮಕ್ಕಳು ಆಡಿಸುವ ಹಾಗೆ. ಅಪ್ಪ ಖಾಲಿ ಇದ್ದ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟು ಒಂದು ಸಲ ಅದುಮಿದ. ಅವನು ನನಗೆ ಕೊಟ್ಟ ಶಭಾಸ್‌ಗಿರಿ ಜನ್ಮದಲ್ಲಿ ಅದೊಂದೇ. ಅದು ಈಗಲೂ ಆ ಹೆಗಲಲ್ಲಿ ನೋಯುತ್ತದೆ.

ಸೋಮವಾರ ಪೊಟ್ಟಣ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಸುಶೀಲ ಎರಡು ಸಾಲು ಮುಂದೆ ಹೋಗಿ ಕೂತಿದ್ದಳು, ನನಗೆ ತೊಂದರೆಯಾಗಬಾರದು ಎಂದು. ಬಾಗಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಅದರಲ್ಲಿ ತಿರಸ್ಕಾರ ಇರಲಿಲ್ಲ. ತಿರಸ್ಕಾರ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಇದು ಅದಲ್ಲ. ಚೆಲುವಿ ಹೇಳಿದ ಮರ್ಯಾದೆಯನ್ನು ಅವಳು ಚಾಚೂ ತಪ್ಪದೆ ಕೊಡುತ್ತಿದ್ದಳು. ಹೀಗೆ ಒಂದು ವರ್ಷ, ಐದನೇ ತರಗತಿಗೆ ಹೋದ ಮೇಲೂ. ಮನೆಯಲ್ಲಿ ಅವ್ವ ಆ ಹುಡುಗಿ ಬಂದು ಕೂತಳಾ ಎಂದು ಮೊದಮೊದಲು ದಿನಾ ಕೇಳಿದಳು. ಆಮೇಲೆ ಅಪ್ಪನೇ ಹೇಳಿರಬೇಕು, ಕೇಳುವುದನ್ನು ನಿಲ್ಲಿಸಿದಳು. ನಾನು ರಾತ್ರಿ ಟ್ರಂಕಿಗೆ ಬೆನ್ನು ಹಾಕಿ ಮಲಗುತ್ತಿದ್ದೆ.

ಚಿತ್ರದ ಮೇಷ್ಟ್ರಿಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ಟ್ರಂಕು ಅವನ ಜೊತೆ ಬಸ್ಸಿನ ಟಾಪಿನ ಮೇಲೆ ಹೋಯಿತು. ಅಪ್ಪ ಬಸ್‌ಸ್ಟ್ಯಾಂಡಿನಿಂದ ಬಂದವನು ನನ್ನ ತಲೆ ಸವರಿದ. ಗೊಂಬೆಯೇ ಊರು ಬಿಟ್ಟ ಮೇಲೆ ಯಾರು ಏನು ಕೇಳುತ್ತಾರೆ, ಇನ್ನು ಎಷ್ಟು ಬೇಕಾದರೂ ಮಾತಾಡು ಎಂದ. ದೊಡ್ಡ ಬಹುಮಾನ ತಂದವನ ಮುಖವಾಗಿತ್ತು ಅವನದು. ಮರುದಿನ ಹಾಜರಿಯಲ್ಲಿ ನನ್ನ ಹೆಸರು ಬಂದಾಗ ನಾನು ಎದ್ದು ನಿಂತೆ.

"ಬಂದಿದೀನಿ ಸಾ."

ಇಡೀ ಕ್ಲಾಸು ಹಿಂದಕ್ಕೆ ತಿರುಗಿತು. ಯಾರೋ ಚೆಲುವಿ ಎಂದರು. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಮತ್ತೆ ಹಾಕಿಕೊಂಡು ಮುಂದಿನ ಹೆಸರು ಕೂಗಿದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಒಂದೆರಡು ಮನೆಗಳಲ್ಲಿ ಮಕ್ಕಳಿಗೆ ತಲೆಗೆ ನೀರು ಹಾಕಿಸಿದರಂತೆ. ಕಛೇರಿಗೆ ಯಾರೂ ದೂರು ಕೊಡಲಿಲ್ಲ. ಅಪ್ಪನ ಕೋಟು ಗೂಟದಲ್ಲೇ ಉಳಿಯಿತು, ನಿವೃತ್ತಿಯಾಗುವ ತನಕ. ನಾವು ಹೆದರಿದ್ದು ಇಷ್ಟಕ್ಕಾ ಎಂದು ಅವ್ವ ಆಮೇಲೆ ಎಷ್ಟೋ ಸಲ ಅಂದಳು. ನಾನು ಆ ಮಾತಿಗೆ ಯಾವತ್ತೂ ಹೂಂಗುಟ್ಟಲಿಲ್ಲ, ಹೆದರಿಕೆ ಆಗ ಇದ್ದದ್ದು ನಿಜ.

ಆದರೆ ಅದೇ ದಿನ ಮಧ್ಯಾಹ್ನ ಬಿಟ್ಟಾಗ ಸುಶೀಲ ನಾನಿದ್ದ ಕಿಟಕಿಯ ಹತ್ತಿರ ಬಂದಳು. ಒಂದು ವರ್ಷದ ಮೇಲೆ ಅಷ್ಟು ಹತ್ತಿರ ಬಂದದ್ದು. ಅವಳ ಕಣ್ಣು ಕೆಂಪಾಗಿತ್ತು.

"ನಾನು ಕೇಳಿದ್ದು ನಿನ್ನನ್ನೇ ಅಲ್ವಾ? ಬ್ಯಾಡ ಅಂದೋಳೂ ನೀನೇ."

ಅವಳು ನಿಂತೇ ಇದ್ದಳು. ಉತ್ತರಕ್ಕೆ ಕಾದಿದ್ದಳು ಎಂದು ಈಗ ಅನ್ನಿಸುತ್ತದೆ. ನನ್ನಲ್ಲಿ ಉತ್ತರ ಇತ್ತು. ಅಪ್ಪನ ಕೈ ನಡುಗುತ್ತಿತ್ತು ಎಂದು ಹೇಳಬಹುದಾಗಿತ್ತು, ನಿನ್ನ ಬೆಲ್ಲದ ರುಚಿ ಇನ್ನೂ ನನ್ನ ಬಾಯಲ್ಲಿದೆ ಎಂದು ಹೇಳಬಹುದಾಗಿತ್ತು. ಹಸುವಿನ ಕಾಗದಕ್ಕೂ ಬಳಪದ ಕಾಗದಕ್ಕೂ ಉತ್ತರ ಹೇಳಿದವಳು ನಾನು. ಕೈಯಲ್ಲಿ ಗೊಂಬೆ ಇರಲಿಲ್ಲ, ಮುಂದೆ ಪರದೆ ಇರಲಿಲ್ಲ, ನನಗೆ ನೆಲ ನೋಡುವುದೊಂದೇ ಅಭ್ಯಾಸವಾಗಿತ್ತು. ತಲೆ ಎತ್ತುವ ಹೊತ್ತಿಗೆ ಅವಳು ಅಂಗಳ ದಾಟಿದ್ದಳು. ಅವತ್ತು ನನ್ನ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ.